ಡ್ಯೂಟಿ ಮುಗಿದರೂ ಮಾನಿಟರ್ ಸದ್ದು ಕಿವಿ ಬಿಡುತ್ತಿಲ್ಲ: ಕೋವಿಡ್ ಕಾಲದಲ್ಲಿ ಮನೋವೈದ್ಯರಿಗೆ ಬಂದ ಪ್ರಶ್ನೆ

ಪ್ರಶ್ನೆ (ಐಸಿಯು ನರ್ಸ್): ಮೇಡಂ, ಎಂಟು ತಿಂಗಳಿಂದ ಕೋವಿಡ್ ಐಸಿಯುನಲ್ಲಿದ್ದೇನೆ. ಮನೆಯಲ್ಲಿ ಮಲಗಿದರೂ ಮಾನಿಟರ್ ಕೂಗಿದ ಹಾಗಾಗಿ ಎದ್ದು ಕೂರುತ್ತೇನೆ. ಹೋದ ವಾರ ಒಬ್ಬರ ಕೊನೇ ಹೊತ್ತಿನಲ್ಲಿ ಅವರ ಮಗಳಿಗೆ ವಿಡಿಯೋ ಕಾಲ್ ಮಾಡಿ ಫೋನ್ ಹಿಡಿದು ನಿಂತಿದ್ದೆ. ಆಗ ಅಳು ಬರಲಿಲ್ಲ. ಮನೆಗೆ ಬಂದು, ಮಗು ನೀರು ಚೆಲ್ಲಿದ್ದಕ್ಕೆ ಕಿರುಚಿಬಿಟ್ಟೆ. ಇನ್ನೊಂದು ರಾತ್ರಿ ವೆಂಟಿಲೇಟರ್ ಒಂದೇ ಇತ್ತು, ಇಬ್ಬರಿಗೆ ಬೇಕಿತ್ತು. ಅದನ್ನು ಮರೆಯೋಕೆ ಆಗ್ತಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವಾ?

ಉತ್ತರ: ಸಿಸ್ಟರ್, ಖಂಡಿತ ಲಾಯಕ್ಕಿದ್ದೀರಿ. ನೀವೊಬ್ಬರೇ ಹೀಗಿಲ್ಲ. 2020ರ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ಡಾಕ್ಟರ್, ನರ್ಸ್‌ಗಳನ್ನು ವಿಚಾರಿಸಿದಾಗ ಸುಮಾರು ಅರ್ಧ ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಮೂರರಲ್ಲಿ ಒಬ್ಬರಿಗೆ ನಿದ್ದೆಯ ತೊಂದರೆ. ನರ್ಸ್‌ಗಳಿಗೆ, ಸೋಂಕಿತರ ಆರೈಕೆಯಲ್ಲೇ ಇದ್ದವರಿಗೆ ಜಾಸ್ತಿ.

ಗಂಟೆಗಟ್ಟಲೆ ಆ ಸದ್ದಿಗೆ ಓಡಿ ಓಡಿ ಅಭ್ಯಾಸವಾದ ಮೈಗೆ, ಮನೆಗೆ ಬಂದೆ ಅಂತ ಬೇಗ ಗೊತ್ತಾಗುವುದಿಲ್ಲ. ಅದಕ್ಕೇ ಪಿಪಿಇ ಕಿಟ್ ತೆಗೆದ ಮೇಲೆ ನೇರ ಮನೆಗೆ ಓಡಬೇಡಿ. ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಉಸಿರು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಬಿಡಿ. ಹಾಗೆ ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಶಿಫ್ಟಿನ ಕೊನೇ ಹೊತ್ತಿನ ಕಾಫಿ ಬಿಡಿ, ಐದು ಗಂಟೆ ಕಳೆದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮಗುವಿನ ಹತ್ತಿರ, ‘ಅಮ್ಮನಿಗೆ ಸುಸ್ತಾಗಿತ್ತು, ನಿನ್ನ ತಪ್ಪಲ್ಲ’ ಅನ್ನಿ. ಅಷ್ಟು ಸಾಕು.

ವೆಂಟಿಲೇಟರ್ ರಾತ್ರಿಯದು ಬೇರೆ ಮಾತು. ಅದು ಸುಸ್ತಲ್ಲ, ಮನಸ್ಸಾಕ್ಷಿಗೆ ಬಿದ್ದ ಪೆಟ್ಟು. ಯುದ್ಧದಿಂದ ಬಂದ ಸೈನಿಕರ ವಿಷಯದಲ್ಲಿ ಇದನ್ನು ಮೊದಲು ವಿವರಿಸಿದರು. ಸರಿ ಅಂತ ಗೊತ್ತಿದ್ದದ್ದನ್ನು ಮಾಡಲಾಗದೆ ಹೋದಾಗ ಆಗುವ ನೋವು ಅದು. ಮಲಗಿ ಎದ್ದರೆ ಹೋಗುವುದಿಲ್ಲ. ಕೊರತೆ ಇದ್ದದ್ದು ಯಂತ್ರಕ್ಕೆ, ನಿಮ್ಮ ಕಾಳಜಿಗಲ್ಲ. ಆ ರಾತ್ರಿ ಜೊತೆಗಿದ್ದ ಒಬ್ಬರ ಹತ್ತಿರ ಮಾತಾಡಿ. ಅಲ್ಲಿದ್ದವರಿಗೆ ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪ್ರಶ್ನೆ (ವಾರ್ಡ್ ಇನ್‌ಚಾರ್ಜ್): ಡಾಕ್ಟ್ರೇ, ಪ್ರತಿ ಸಾವಿನ ನಂತರ ಎಲ್ಲರನ್ನೂ ಕೂರಿಸಿ, ಏನೇನಾಯಿತು, ಏನನ್ನಿಸಿತು ಅಂತ ಹೇಳಿಸುತ್ತಿದ್ದೇನೆ. ಕೆಲವರು ಬಾಯೇ ಬಿಡುವುದಿಲ್ಲ.

ಉತ್ತರ: ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಒತ್ತಾಯ ಬೇಡ. ಘಟನೆ ನಡೆದ ಕೂಡಲೇ ಕೂರಿಸಿ ಎಲ್ಲವನ್ನೂ ಹೇಳಿಸಿದರೆ ಮುಂದಿನ ಮಾನಸಿಕ ಆಘಾತ ತಪ್ಪುತ್ತದೆ ಅನ್ನುವುದು ಸಾಬೀತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಎನ್ನುತ್ತದೆ. ಊಟ ಆಯ್ತಾ ಅಂತ ಕೇಳಿ. ಮಾತಾಡಬೇಕು ಅನ್ನಿಸಿದಾಗ ಬನ್ನಿ ಅನ್ನಿ. ಬಂದರೆ ಪೂರ್ತಿ ಕೇಳಿ.

ನಿಮ್ಮ ಕೈಯಲ್ಲಿ ಇನ್ನೂ ದೊಡ್ಡದೊಂದಿದೆ, ಡ್ಯೂಟಿ ಪಟ್ಟಿ. ಹೊಸಬರನ್ನು ಅನುಭವಿಗಳ ಜೊತೆ ಜೋಡಿ ಮಾಡಿ. ಐಸಿಯುನಲ್ಲಿ ಬೆಂದವರನ್ನು ಕೆಲವು ವಾರ ಹಗುರವಾದ ಕಡೆ ಹಾಕಿ. 2003ರಲ್ಲಿ ಸಾರ್ಸ್ (ಕೋವಿಡ್‌ನಂಥದೇ ಇನ್ನೊಂದು ವೈರಸ್ ಕಾಯಿಲೆ) ರೋಗಿಗಳನ್ನು ನೋಡಿಕೊಂಡ ಕೆನಡಾದ ಟೊರೊಂಟೊದ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಒಂದೆರಡು ವರ್ಷದ ನಂತರವೂ ಬಳಲಿಕೆ ಉಳಿದಿತ್ತು. ತರಬೇತಿ, ಬೆಂಬಲ ಸಾಕಷ್ಟು ಸಿಕ್ಕಿತ್ತು ಅಂದವರಿಗೆ ಅಷ್ಟು ತೊಂದರೆಯಾಗಲಿಲ್ಲ. ಕಿಟ್ ಕೊಡದೆ, ರಜೆ ಕೊಡದೆ ಧ್ಯಾನ ಮಾಡಿ ಅನ್ನುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಪ್ರಶ್ನೆ (ಐಸಿಯು ನರ್ಸ್): ಮೇಡಂ, ನಿಮ್ಮಂಥವರ ಹತ್ತಿರ ಯಾವಾಗ ಬರಬೇಕು? ಬಂದರೆ ಎಲ್ಲರೂ ಏನಂದುಕೊಳ್ಳುತ್ತಾರೋ ಅಂತ ಭಯ.

ಉತ್ತರ: ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ನಿದ್ದೆಗಾಗಿ ಮಾತ್ರೆ ಅಥವಾ ಮದ್ಯಕ್ಕೆ ಕೈ ಹೋಗುತ್ತಿದ್ದರೆ ಬನ್ನಿ. ಬದುಕೇ ಬೇಡ ಅನ್ನಿಸಿದರೆ ಅದೇ ದಿನ ಬನ್ನಿ, ಒಬ್ಬರೇ ಇರಬೇಡಿ. ನೀವು ಹೇಳಿದ್ದನ್ನು ನಿಮ್ಮ ಮೇಲಧಿಕಾರಿಗೆ ನಾವು ಹೇಳುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆಯವರ ಸಹಾಯ ಪಡೆಯುತ್ತೇವೆ, ಅದನ್ನೂ ಮೊದಲು ನಿಮಗೇ ತಿಳಿಸುತ್ತೇವೆ.

ಐಸಿಯು ನರ್ಸ್: ಆ ರಾತ್ರಿ ಜೊತೆಗಿದ್ದ ಟೆಕ್ನಿಷಿಯನ್‌ಗೆ ಈಗಷ್ಟೇ ಮೆಸೇಜ್ ಹಾಕಿದೆ ಮೇಡಂ. ಅವರೂ ನಿದ್ದೆ ಮಾಡಿಲ್ಲವಂತೆ.