ಸಹಾಯ ಬೇಕು: ಇಂಡಿ ಕಡೆ ಸಾಲಿ ಮಕ್ಕಳಿಗೆ ವಿಜ್ಞಾನದ ಸಾಮಾನು

ನಮಸ್ಕಾರ್ರಿ ಎಲ್ಲಾರಿಗೂ, ಇಂಡಿ ತಾಲೂಕಿನ ಒಂದು ಸರ್ಕಾರಿ ಸಾಲ್ಯಾಗ ಆರನೇ ಏಳನೇ ಕ್ಲಾಸಿಗೆ ವಿಜ್ಞಾನ ಹೇಳ್ತೀನಿ. ನಮ್ಮ ಕಡೆ ಲಿಂಬಿಹಣ್ಣಿಗೇನು ಕಮ್ಮಿ ಇಲ್ಲ, ಒಂದು ಹಣ್ಣಿಗೆ ತಾಮ್ರದ ತಂತಿ, ಸತುವು ಬಳದ ಮೊಳಿ ಚುಚ್ಚಿದ್ರ ಸುಮಾರು 0.9 ವೋಲ್ಟ್ ಬರ್ತೈತಿ, ನಾಲ್ಕು ಹಣ್ಣು ಸಾಲಾಗಿ ಜೋಡಿಸಿದ್ರ ಕೆಂಪು ಎಲ್‌ಇಡಿ ಮಂದಗಾದ್ರೂ ಹತ್ತತೈತಿ, ಇದನ್ನ ಬೋರ್ಡ್ ಮ್ಯಾಲೆ ಚಿತ್ರ ತಗದು ಹೇಳೋದಕ್ಕೂ, ಹುಡುಗ್ರು ತಾವೇ ವೈರ್ ಜೋಡಿಸಿ, ಹತ್ತಲಿಲ್ಲಂದ್ರ ಎಲ್‌ಇಡಿ ಕಾಲು ತಿರುವಿ ಹಾಕಿ ನೋಡೋದಕ್ಕೂ ಭಾಳ ಫರಕ್ ಐತ್ರಿ. ಎಲ್‌ಇಡಿ, ವೈರ್, ಒಂದು ಮಲ್ಟಿಮೀಟರ್ (ವೋಲ್ಟ್ ಅಳಿಯೋ ಸಾಧನ), ಭೂತಗನ್ನಡಿ, ಅಯಸ್ಕಾಂತ, ಅಳತಿ ಟೇಪ್ ಯಾರಾದ್ರೂ ಕೊಡಿಸ್ತೀರೇನ್ರಿ? ಹಳೇವಾದ್ರೂ ನಡೀತೈತಿ, ಕೆಲಸ ಮಾಡೂವಂಗಿದ್ರ ಸಾಕು. ರೊಕ್ಕ ಬ್ಯಾಡ್ರಿ, ಸಾಮಾನೇ ಕೊಡ್ರಿ. ಮೆಸೇಜ್ ಹಾಕ್ರಿ, ವಿಜಯಪುರಕ್ಕ ನಾನೇ ಬಂದು ತಗೊಂಡು ಹೋಗ್ತೀನಿ.