ಸಹಾಯ ಬೇಕು: ರೆಸಿಡೆನ್ಸಿ ಮ್ಯಾಚ್ ಆಗದವರ ಸೋಪ್ (SOAP) ತಯಾರಿಗೆ ಅಮೆರಿಕದಲ್ಲಿರುವ ಸೀನಿಯರ್‌ಗಳು

ಮ್ಯಾಚ್ ಎಂದರೆ ಅಮೆರಿಕದಲ್ಲಿ ವೈದ್ಯರ ತಜ್ಞ ತರಬೇತಿಯ (ರೆಸಿಡೆನ್ಸಿ) ಸೀಟು ಹಂಚುವ ಪ್ರಕ್ರಿಯೆ. ಮಾರ್ಚ್‌ನ ಮ್ಯಾಚ್ ವಾರ, ಸೋಮವಾರ ‘ಮ್ಯಾಚ್ ಆಗಿಲ್ಲ’ ಎಂಬ ಮೇಲ್ ಬಂದವರಿಗೆ ಉಳಿಯುವುದು ಸೋಪ್ ಒಂದೇ, ಅಂದರೆ ಖಾಲಿ ಉಳಿದ ಸೀಟುಗಳಿಗೆ ಅದೇ ವಾರ ನಡೆಯುವ ಹಂಚಿಕೆ. ಎರಾಸ್‌ನಲ್ಲಿ (ಆನ್‌ಲೈನ್ ಅರ್ಜಿ ವ್ಯವಸ್ಥೆ) ಹೆಚ್ಚೆಂದರೆ 45 ಅರ್ಜಿ, ಒಮ್ಮೆ ಕಳಿಸಿದ್ದನ್ನು ವಾಪಸ್ ಪಡೆದು ಬೇರೆ ಕಡೆ ಹಾಕಲಾಗದು. ಗುರುವಾರ ನಾಲ್ಕು ಸುತ್ತಿನಲ್ಲಿ ಆಫರ್. ಅಲ್ಲಿನ ಈಸ್ಟರ್ನ್ ಟೈಮ್ ಬೆಳಿಗ್ಗೆ 9 ಎಂದರೆ ಇಲ್ಲಿ ಭಾರತದಲ್ಲಿ ಸಂಜೆ 6:30.

ಎಡವುವುದು ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ, ಅಂದರೆ ಅರ್ಜಿ ಜೊತೆಗಿನ ಸ್ವಪರಿಚಯ ಬರಹದಲ್ಲಿ. ಇಂಟರ್ನಲ್ ಮೆಡಿಸಿನ್‌ಗೆ ಬರೆದದ್ದನ್ನೇ ಫ್ಯಾಮಿಲಿ ಮೆಡಿಸಿನ್‌ಗೂ ಅಂಟಿಸುತ್ತಾರೆ. ಮೂರನೇ ಪ್ಯಾರಾದಲ್ಲಿ ‘ಕಾರ್ಡಿಯಾಲಜಿ ಫೆಲೋಶಿಪ್ ನನ್ನ ಗುರಿ’ ಅಂತ ಹಾಗೇ ಉಳಿದಿರುತ್ತದೆ. ಓದಿದವರು ಅಲ್ಲಿಗೇ ಮುಚ್ಚಿಡುತ್ತಾರೆ.

ಹಾಗಾಗಿ ಬೇಕಿರುವುದು: ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್‌ನಲ್ಲಿ ಇರುವವರು ಫೆಬ್ರವರಿಯಲ್ಲೇ ತಲಾ ಎರಡು ಸ್ಟೇಟ್‌ಮೆಂಟ್ ಓದಿ ತಿದ್ದಿಕೊಡಬೇಕು. ಜೊತೆಗೆ 15 ನಿಮಿಷದ ಅಣಕು ಸಂದರ್ಶನ, ವಿಡಿಯೋ ಇಲ್ಲದೆ ಬರೀ ಫೋನ್‌ನಲ್ಲಿ. ‘ಯಾಕೆ ಮ್ಯಾಚ್ ಆಗಲಿಲ್ಲ?’ ಅನ್ನುವುದನ್ನು ಖಂಡಿತ ಕೇಳಿ. ಎರಡು ವಾಕ್ಯದಲ್ಲಿ, ನೆಪ ಹೇಳದೆ ಉತ್ತರಿಸುವುದು ಅಭ್ಯಾಸವಾಗಬೇಕು.

ಸರ್ಜರಿ ಪ್ರಿಲಿಮಿನರಿ ಮಾಡಿದವರು ಇದ್ದರೆ ದಯವಿಟ್ಟು ಮುಂದೆ ಬನ್ನಿ. ಅದು ಒಂದೇ ವರ್ಷದ ಸೀಟು, ಎರಡನೇ ವರ್ಷಕ್ಕೆ ಖಾತರಿ ಇಲ್ಲ. ಆಮೇಲೆ ಕೆಟಗೊರಿಕಲ್‌ಗೆ (ಪೂರ್ತಿ ತರಬೇತಿಯ ಸೀಟು) ಹೇಗೆ ದಾಟಿದಿರಿ, ವೀಸಾ ಹೇಗೆ ನಿಭಾಯಿಸಿದಿರಿ ಎಂಬುದು ಒಪ್ಪುವ ಮೊದಲೇ ಗೊತ್ತಿರಬೇಕು, ಯಾಕಂದ್ರೆ ಒಪ್ಪಿದ ಮೇಲೆ ಅದು ಬದ್ಧ ಒಪ್ಪಂದ.

ಶಿಫಾರಸು ಕೇಳುತ್ತಿಲ್ಲ. ಪ್ರೋಗ್ರಾಂನವರೇ (ರೆಸಿಡೆನ್ಸಿ ನಡೆಸುವವರು) ಮೊದಲು ಸಂಪರ್ಕಿಸುವ ತನಕ ಅಭ್ಯರ್ಥಿಯಾಗಲಿ ಅವರ ಪರವಾಗಿ ಬೇರೆಯವರಾಗಲಿ ಮಾತಾಡಿಸಿದರೆ ನಿಯಮ ಉಲ್ಲಂಘನೆ.

ಬಿಡುವಿರುವವರು ನಿಮ್ಮ ಸ್ಪೆಷಾಲಿಟಿ, ಟೈಮ್ ಝೋನ್ ಕೆಳಗೆ ಹಾಕಿ.