ಇಂಗ್ಲೆಂಡಿನ ನಿಷೇಧದ ನಂತರವೂ ಮದ್ರಾಸಿನ ಬಟ್ಟೆ ವ್ಯಾಪಾರ ನಿಲ್ಲಲಿಲ್ಲವೇಕೆ?

ಪ್ರಶ್ನೆ:
ಭಾರತದಲ್ಲಿ ಅಚ್ಚೊತ್ತಿದ, ಬಣ್ಣ ಹಾಕಿದ ಹತ್ತಿಬಟ್ಟೆಯನ್ನು ತೊಡಬಾರದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1700ರಲ್ಲಿ ಕಾಯಿದೆ ಮಾಡಿತು. 1721ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೂ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿನ ವರ್ತಕರಿಂದ ಬಟ್ಟೆ ಕೊಳ್ಳುತ್ತಲೇ ಇತ್ತು. ಕೊಳ್ಳುವವರ ನಾಡಿನಲ್ಲೇ ನಿಷೇಧವಿದ್ದ ಸರಕಿಗೆ ಈ ವರ್ತಕರು ಯಾವ ಧೈರ್ಯದಿಂದ ಕರಾರು ಮಾಡಿಕೊಳ್ಳುತ್ತಿದ್ದರು?

ಮೊದಲ ಉತ್ತರ:
1700ರ ಕಾಯಿದೆ ತಡೆದದ್ದು ತೊಡುವುದನ್ನೇ ಹೊರತು ತರಿಸಿಕೊಳ್ಳುವುದನ್ನಲ್ಲ. ಚೀಟಿ ಬಟ್ಟೆ, ಅಂದರೆ ಅಚ್ಚೊತ್ತಿದ ಬಣ್ಣದ ಹತ್ತಿಬಟ್ಟೆ, ಲಂಡನ್ನಿನ ಉಗ್ರಾಣಕ್ಕೆ ಬಂದು, ಹರಾಜಾಗಿ, ಬೇರೆ ದೇಶಗಳಿಗೆ ಹೋಗಬಹುದಾಗಿತ್ತು. ಬಿಳಿ ಬಟ್ಟೆಗೆ ಆ ತಡೆಯೂ ಇರಲಿಲ್ಲವಾದ್ದರಿಂದ ಅದನ್ನು ತರಿಸಿಕೊಂಡು ಲಂಡನ್ನಿನ ಸುತ್ತಮುತ್ತಲೇ ಅಚ್ಚೊತ್ತುವ ಕಸುಬು ಬೆಳೆಯಿತು. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆಯುವ ಕೈ ಬದಲಾಯಿತೇ ವಿನಾ ಹೊಡೆತ ತಪ್ಪಲಿಲ್ಲ. 1719ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಕಡೆಯ ನೇಕಾರರು ಬೀದಿಗಿಳಿದು, ಅಚ್ಚಿನ ಬಟ್ಟೆ ತೊಟ್ಟ ಹೆಂಗಸರ ಮೇಲೆ ಶಾಯಿ ಎರಚಿದರು, ಮೈಮೇಲಿದ್ದಂತೆಯೇ ಉಡುಪನ್ನು ಹರಿದರು. ಇದರ ಬೆನ್ನಿಗೇ ಬಂದ 1721ರ ಕಾಯಿದೆಯು, ಅಚ್ಚು ಎಲ್ಲಿಯದೇ ಆಗಿರಲಿ, 1722ರ ಡಿಸೆಂಬರ್ 25ರಿಂದ ತೊಟ್ಟವರಿಗೆ 5 ಪೌಂಡ್ ದಂಡ ವಿಧಿಸಿತು. ಆ ಹಣ ಸೇರುತ್ತಿದ್ದುದು ದೂರು ಕೊಟ್ಟವರ ಜೇಬಿಗೆ! ಮಸ್ಲಿನ್ ಎಂಬ ತೆಳು ಹತ್ತಿಬಟ್ಟೆಗೂ ಪೂರ್ತಿ ನೀಲಿ ಬಣ್ಣದ ಬಟ್ಟೆಗೂ ವಿನಾಯಿತಿ ಉಳಿಯಿತು. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಗುಲಾಮರನ್ನು ಕೊಳ್ಳಲು ಒಯ್ಯುತ್ತಿದ್ದ ಸರಕುಗಳಲ್ಲಿ ಭಾರತದ ಬಟ್ಟೆಯೂ ಮುಖ್ಯವಾಗಿತ್ತೆಂಬ ಕಹಿ ಸಂಗತಿಯನ್ನೂ ಇಲ್ಲಿ ಸೇರಿಸಬೇಕು.

ಎರಡನೆಯ ಉತ್ತರ:
ಮೇಲಿನದೆಲ್ಲ ಸರಿ, ಆದರೆ ವರ್ತಕನ ಕಡೆಯಿಂದ ನೋಡಿದರೆ ಲಂಡನ್ನಿನ ಕಾಯಿದೆಗಿಂತ ಕೋಟೆಯ ಉಗ್ರಾಣವೇ ಹತ್ತಿರದ ಭಯವಾಗಿತ್ತೆಂದು ನನಗನಿಸುತ್ತದೆ. ಕಂಪನಿಯು ಮುಂಗಡವನ್ನು ವರಹಗಳ ಲೆಕ್ಕದಲ್ಲಿ ಕೊಡುತ್ತಿತ್ತು (ಇಂಗ್ಲಿಷರ ಬಾಯಲ್ಲಿ ಪಗೋಡ ಎನಿಸಿಕೊಂಡದ್ದು ವಿಜಯನಗರದ ವರಹದ ಸಂತತಿಯೇ). ಅದು ವರ್ತಕನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ನೇಕಾರನಿಗೆ ಇಳಿಯುತ್ತಿತ್ತು. ತಿಂಗಳುಗಳ ನಂತರ ಬಟ್ಟೆ ಬಂದಾಗ ಥಾನುಗಳನ್ನು (ಮಡಿಸಿಟ್ಟ ಇಡೀ ಬಟ್ಟೆಯ ತುಂಡುಗಳನ್ನು) ಬಿಚ್ಚಿ, ಮಾದರಿಯ ಪಕ್ಕದಲ್ಲಿ ಹಿಡಿದು, ಉದ್ದ, ಅಗಲ, ನೇಯ್ಗೆಯ ಒತ್ತು ನೋಡಿ ದರ್ಜೆ ಕಟ್ಟುತ್ತಿದ್ದರು. ದರ್ಜೆ ಇಳಿದರೆ ಬೆಲೆಯೂ ಇಳಿಯಿತು. ತಿರಸ್ಕರಿಸಿದ ಥಾನು ವರ್ತಕನ ತಲೆಗೇ ಬಂತು. ಇತ್ತ ನೇಕಾರನನ್ನು ಗದರಿಸುವಂತೆಯೂ ಇರಲಿಲ್ಲ, ಏಕೆಂದರೆ ಪುಲಿಕಾಟ್, ನಾಗಪಟ್ಟಣಗಳಲ್ಲಿ ಡಚ್ಚರು, ಪಾಂಡಿಚೇರಿಯಲ್ಲಿ ಫ್ರೆಂಚರು, ತರಂಗಂಬಾಡಿಯಲ್ಲಿ ಡೆನ್ಮಾರ್ಕಿನವರು ಇದೇ ಬಟ್ಟೆಗಾಗಿ ಕಾದಿದ್ದರು.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ತಿರಸ್ಕರಿಸಿದ ಥಾನಿನ ಬದಲು ಬೇರೆ ನೇಯಿಸಿ ಕೊಡಲು ಅವಕಾಶವಿರುತ್ತಿರಲಿಲ್ಲವೇ?

ಎರಡನೆಯ ಉತ್ತರದವರು:
ಕೈಯಲ್ಲಿ ಕಾಲವಿದ್ದರೆ ಸರಿ. ಮದ್ರಾಸಿಗೆ ಆಗ ಬಂದರೇ ಇರಲಿಲ್ಲ. ಅಕ್ಟೋಬರಿನಲ್ಲಿ ಈಶಾನ್ಯ ಮಾರುತ ಏಳುವ ಹೊತ್ತಿಗೆ ಹಡಗುಗಳು ತೀರ ಬಿಡಬೇಕಾಗಿತ್ತು. ಅದಕ್ಕೆ ಮೊದಲು ಬಟ್ಟೆ ಅಗಸರ ಕೈಯಲ್ಲಿ ಬಿಳುಪಾಗಿ, ಮೂಟೆಯಾಗಿ, ಮೊಳೆಯಿಲ್ಲದೆ ನಾರಿನ ಹಗ್ಗದಿಂದ ಹಲಗೆ ಹೊಲಿದ ಮಸೂಲ ದೋಣಿಗಳಲ್ಲಿ ಅಲೆಗಳನ್ನು ದಾಟಿ, ದೂರದಲ್ಲಿ ಲಂಗರು ಹಾಕಿದ ಹಡಗನ್ನು ಸೇರಬೇಕಿತ್ತು.